ಹನ್ನೊಂದು ತಿಂಗಳು ಬಳಸಿದ ಆರ್ಗ್ಯಾನಿಕ್ ಗಾರ್ಡನ್ ಕಿಟ್: ಬಕೆಟ್‌ಗೆ ಐದು ಸ್ಟಾರ್, ಬುಕ್‌ಲೆಟ್‌ಗೆ ಸೊನ್ನೆ

ಇಂಥ ಕಿಟ್‌ಗಳ ಕೆಳಗಿರೋ ರಿವ್ಯೂ ಓದಿ ನೋಡಿ, ಮುಕ್ಕಾಲು ಪಾಲು ಜನ ಡಬ್ಬ ಬಿಚ್ಚಿದ ದಿನಾನೇ ಬರೆದಿರ್ತಾರೆ. ಪ್ಯಾಕಿಂಗ್ ಸೂಪರ್, ಬೇಗ ಬಂತು, ಐದು ಸ್ಟಾರ್. ಅಲ್ಲ ಸ್ವಾಮಿ, ಗಿಡ ಬಂತಾ ಇಲ್ವಾ ಅದನ್ನ ಹೇಳಿ! ನಾನೂ ಅದನ್ನೆಲ್ಲ ಓದಿಯೇ ತರಿಸಿದ್ದು, ಅದಕ್ಕೇ ಹನ್ನೊಂದು ತಿಂಗಳು ಬಾಯಿ ಮುಚ್ಕೊಂಡು ಬೆಳೆದು ನೋಡಿ ಈಗ ಬರೀತಿದ್ದೀನಿ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ಆಮೇಲೆ ಬೇರೆ ಎರಡು ಮೂರು ಕಂಪನಿ ಕಿಟ್ ಸ್ನೇಹಿತರ ಮನೇಲಿ ನೋಡಿದೆ, ಒಳಗಿರೋ ಸಾಮಾನು ಹೆಚ್ಚು ಕಮ್ಮಿ ಇದೇ. ಒಟ್ಟು ಮೂರು ಸ್ಟಾರ್ ಕೊಟ್ಟಿದ್ದೀನಿ, ಆದ್ರೆ ಆ ಮೂರು ಎಲ್ಲಿಂದ ಬಂತು ಅನ್ನೋದೇ ಮುಖ್ಯ.

ಡಬ್ಬದಲ್ಲಿ ಬಂದಿದ್ದು ಆರು ಗ್ರೋ ಬ್ಯಾಗ್, 5 ಕೆಜಿ ಕೋಕೋಪೀಟ್ ಬ್ಲಾಕ್ ಒಂದು, 5 ಕೆಜಿ ಎರೆಹುಳು ಗೊಬ್ಬರ, ಒಂದು ಕೆಜಿ ಬೇವಿನ ಹಿಂಡಿ, ಬೇವಿನೆಣ್ಣೆ ಸಣ್ಣ ಬಾಟ್ಲು, ಟ್ರೈಕೋಡರ್ಮಾ ಪೌಡರ್, ಎಂಟು ಥರ ಬೀಜ, ಮಣ್ಣಿನ ತೇವ ನೋಡೋ ಮೀಟರ್, ಸ್ಪ್ರೇ ಬಾಟ್ಲು, 'ಗ್ರೋತ್ ಬೂಸ್ಟರ್' ಅಂತ ಒಂದು ಸ್ಯಾಶೆ, ಹನ್ನೆರಡು ಪುಟದ ಬುಕ್‌ಲೆಟ್. ಜೊತೆಗೆ ಆಫರ್‌ನಲ್ಲಿ ಫ್ರೀ ಅಂತ ಪಕ್ಕದಲ್ಲಿ ತೂತಿರೋ ಎರಡು ಪ್ಲಾಸ್ಟಿಕ್ ಬಕೆಟ್, ಅಡಿಗೆಮನೆ ಕಸದಿಂದ ಕಾಂಪೋಸ್ಟ್ ಮಾಡೋಕೆ. ಆ ಬಕೆಟ್ ನೋಡಿ ನಮ್ಮಮ್ಮ "ಇದ್ಯಾಕೆ ಬೇಕಿತ್ತು, ಕಸ ಮನೇಲಿ ಇಟ್ಕೊಂಡು ಪೂಜೆ ಮಾಡ್ತೀಯಾ" ಅಂದ್ರು. ನಾನೂ ಎರಡು ತಿಂಗಳು ಅದನ್ನ ಮುಟ್ಟಲೇ ಇಲ್ಲ, ಅದರಲ್ಲಿ ಹಳೇ ಚಪ್ಪಲಿ ಹಾಕಿಟ್ಟಿದ್ದೆ. ಆ ಚಪ್ಪಲಿ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಲೆಕ್ಕ. ಗ್ರೋ ಬ್ಯಾಗ್ 12 ಇಂಚು ಅಗಲ, 12 ಇಂಚು ಎತ್ತರ, ದುಂಡಗಿನವು. ಒಂದಕ್ಕೆ ಹತ್ತಿರ ಹತ್ತಿರ 22 ಲೀಟರ್ ಹಿಡಿಯುತ್ತೆ, ಅಂದ್ರೆ ಆರಕ್ಕೆ ಸುಮಾರು 130 ಲೀಟರ್. 5 ಕೆಜಿ ಕೋಕೋಪೀಟ್ ಚೆನ್ನಾಗಿ ನೀರು ಕುಡಿದು ಉಬ್ಬಿದ್ರೆ 60ರಿಂದ 70 ಲೀಟರ್, ಎರೆಗೊಬ್ಬರ ಒಂದು ಏಳೆಂಟು ಲೀಟರ್. ಎಲ್ಲ ಸೇರಿಸಿದ್ರೂ 80 ದಾಟಲ್ಲ. ಡಬ್ಬದ ಮೇಲೆ ಮಾತ್ರ ಆರು ಬ್ಯಾಗ್ ತುಂಬಿ ತುಳುಕ್ತಿರೋ ಫೋಟೋ! ನಾನು ಮೂರೂವರೆ ಬ್ಯಾಗ್ ತುಂಬಿಸಿ ಖಾಲಿ ಕೈಯಲ್ಲಿ ಕೂತಿದ್ದೆ, ಅದೂ ನಾಲ್ಕು ದಿನ ನೀರು ಹಾಕೋ ಹೊತ್ತಿಗೆ ಕುಸಿದು ಎರಡು ಇಂಚು ಕೆಳಗಿಳೀತು. ಬ್ಯಾಗ್‌ಗಳು ಗಟ್ಟಿ ಇವೆ ಅನ್ನೋದು ನಿಜ, ಹನ್ನೊಂದು ತಿಂಗಳು ಬಿಸಿಲಲ್ಲಿ ನಿಂತೂ ಹೊಲಿಗೆ ಬಿಟ್ಟಿಲ್ಲ, ತಳದಲ್ಲಿ ತೂತುಗಳು ಸರಿಯಾಗಿವೆ.

ಲೆಕ್ಕಕ್ಕಿಂತ ದೊಡ್ಡ ತೊಂದರೆ ಏನಪ್ಪಾ ಅಂದ್ರೆ ಆ ಅಳತೇಲಿ ಬೆರೆಸಿದ್ರೆ ಹತ್ತರಲ್ಲಿ ಒಂಬತ್ತು ಪಾಲು ಕೋಕೋಪೀಟ್, ಒಂದು ಪಾಲು ಗೊಬ್ಬರ ಆಗುತ್ತೆ. ಕೋಕೋಪೀಟ್ ಅನ್ನೋದು ತೆಂಗಿನ ನಾರಿನ ಪುಡಿ, ನೀರು ಹಿಡ್ಕೊಳ್ಳೋಕೆ ಬೇರಿಗೆ ಗಾಳಿ ಕೊಡೋಕೆ ಅದಕ್ಕಿಂತ ಒಳ್ಳೇದಿಲ್ಲ, ಆದ್ರೆ ಅದರಲ್ಲಿ ಗಿಡಕ್ಕೆ ಊಟ ಅನ್ನೋದು ಇಲ್ಲ ಅಂದ್ರೂ ನಡೆಯುತ್ತೆ. ಮೆತ್ತನೆ ಹಾಸಿಗೆ ಕೊಟ್ಟು ಉಪವಾಸ ಕೆಡವಿದ ಹಾಗೆ. ಬದನೆ ಸಸಿ ಒಂದು ಗೇಣು ಬೆಳೆದು ನಿಂತುಬಿಡ್ತು, ಕೆಳಗಿನ ಹಳೇ ಎಲೆಗಳು ಮೊದಲು ಹಳದಿಯಾಗಿ ಒಂದೊಂದೇ ಉದುರೋಕೆ ಶುರುವಾಯ್ತು. ಹಳೇ ಎಲೆ ಮೊದಲು ಹಳದಿಯಾದ್ರೆ ಹೆಚ್ಚಾಗಿ ಸಾರಜನಕ ಸಾಲ್ತಿಲ್ಲ ಅಂತ, ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತೆ (ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ರೆ ಅದು ಕಬ್ಬಿಣದ ಕೊರತೆ, ಕಥೆಯೇ ಬೇರೆ). ಬುಕ್‌ಲೆಟ್‌ನಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ಇನ್ನೊಂದು ಮರೆತೆ, ಕೋಕೋಪೀಟಲ್ಲಿ ಉಪ್ಪಿನಂಶ ಇರೋ ಸಾಧ್ಯತೆ ಇರುತ್ತೆ, ನೆನೆಸಿ ಹಿಂಡಿ ಎರಡು ಮೂರು ಸಲ ನೀರು ಬದಲಾಯಿಸಬೇಕು. ನಾನು ಒಂದೇ ಸಲ ನೆನೆಸಿ ಹಾಕಿದೆ, ಪಾಲಕ್ ಎಲೆಯ ಅಂಚೆಲ್ಲ ಸುಟ್ಟ ಹಾಗಾಯ್ತು.

ಈಗ ಬೀಜದ ವಿಷಯ, ಇಲ್ಲೇ ನನಗೆ ನಿಜವಾಗ್ಲೂ ಪಿತ್ತ ನೆತ್ತಿಗೇರಿದ್ದು. ಬೀನ್ಸ್ ಪ್ಯಾಕೆಟ್ ಬಿಚ್ಚಿದ್ರೆ ಒಳಗೆ ಕಡು ಗುಲಾಬಿ ಬಣ್ಣದ ಬೀಜ. ಮಗಳು ಪೆಪ್ಪರ್‌ಮೆಂಟ್ ಅಂದ್ಕೊಂಡು ಕೈ ಹಾಕಿದ್ಳು, ಕಸಿದುಕೊಂಡು ಪ್ಯಾಕೆಟ್ ಹಿಂದೆ ನೋಡಿದ್ರೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಥೈರಾಮ್ ಲೇಪಿತ, ತಿನ್ನಲು ಯೋಗ್ಯವಲ್ಲ'. ಥೈರಾಮ್ ಅಂದ್ರೆ ಶಿಲೀಂಧ್ರನಾಶಕ, ಪಕ್ಕಾ ಕೆಮಿಕಲ್, ಯಾರೂ ಅಪ್ಪಿತಪ್ಪಿ ತಿನ್ನಬಾರದು ಅಂತಾನೇ ಬಣ್ಣ ಹಚ್ಚಿರ್ತಾರೆ. ಸಾಮಾನ್ಯ ಹೊಲದಲ್ಲಿ ಅದನ್ನ ಬಳಸೋದು ಮಾಮೂಲಿ, ಅದರಲ್ಲಿ ನಂದೇನೂ ತಕರಾರಿಲ್ಲ. ಡಬ್ಬದ ಮೇಲೆ '100% ಆರ್ಗ್ಯಾನಿಕ್' ಅಂತ ಹಸಿರು ಎಲೆ ಚಿತ್ರ ಹಾಕಿ ಒಳಗೆ ಇದನ್ನಿಟ್ರೆ ಬೇಲಿಯೇ ಎದ್ದು ಹೊಲ ಮೇಯ್ದಂಗೆ ಆಗ್ಲಿಲ್ವಾ? ತಮಾಷೆ ಏನಂದ್ರೆ ಅದೇ ಡಬ್ಬದಲ್ಲಿ ಟ್ರೈಕೋಡರ್ಮಾ ಪೌಡರ್ ಬೇರೆ ಇದೆ. ಅದು ಜೀವಂತ ಶಿಲೀಂಧ್ರ, ಬೇರು ಕೊಳೆಸೋ ಕೆಟ್ಟ ಶಿಲೀಂಧ್ರಗಳನ್ನ ತಿಂದು ಹಾಕೋ ಒಳ್ಳೇ ಜಾತಿ. ಬೀಜಕ್ಕೆ ಇದನ್ನ ಸವರಿ ಬಿತ್ತಿ ಅಂತ ಬುಕ್‌ಲೆಟ್ ಹೇಳುತ್ತೆ. ಶಿಲೀಂಧ್ರ ಕೊಲ್ಲೋ ಮದ್ದು ಹಚ್ಚಿದ ಬೀಜಕ್ಕೆ ಶಿಲೀಂಧ್ರ ಸವರೋದು! ಒಂದೇ ಪೆಟ್ಟಿಗೇಲಿ ಹಾವು ಮುಂಗುಸಿ ಎರಡೂ.

ಕಸ್ಟಮರ್ ಕೇರ್‌ಗೆ ಫೋಟೋ ಕಳಿಸಿದೆ. ಮೊದಲು "ಬೀಜ ಬೇರೆ ಸಪ್ಲೈಯರ್‌ದು ಮೇಡಂ" ಅಂದ್ರು, ಬಿಡದೆ ಹಿಡ್ಕೊಂಡಾಗ ಹನ್ನೆರಡು ದಿನಕ್ಕೆ ಲೇಪನ ಇಲ್ಲದ ಪ್ಯಾಕೆಟ್ ಕಳಿಸಿದ್ರು, ಜೊತೆಗೆ ಸಾರಿ ಅಂತ ಚೀಟಿ. ಅದಕ್ಕೆ ಅರ್ಧ ಸ್ಟಾರ್ ವಾಪಸ್ ಕೊಟ್ಟೆ. ಈರುಳ್ಳಿ ಬೀಜ ಮಾತ್ರ ಸತ್ತ ಬೀಜವೇ. ಒದ್ದೆ ಟಿಶ್ಯೂ ಪೇಪರ್‌ನಲ್ಲಿ ಹತ್ತು ಬೀಜ ಸುತ್ತಿ ಡಬ್ಬೀಲಿಟ್ಟೆ, ಹತ್ತು ದಿನಕ್ಕೆ ಮೊಳೆತದ್ದು ಒಂದು. ಪ್ಯಾಕಿಂಗ್ ದಿನಾಂಕ ನೋಡಿದ್ರೆ ಎರಡು ವರ್ಷ ದಾಟಿದೆ. ಟೊಮೇಟೊ ಬೀಜ ಒಣ ಜಾಗದಲ್ಲಿಟ್ರೆ ನಾಲ್ಕೈದು ವರ್ಷ ಜೀವ ಹಿಡ್ಕೊಂಡಿರುತ್ತೆ, ಈರುಳ್ಳಿ ಬೀಜ ಒಂದೆರಡು ವರ್ಷದಲ್ಲೇ ಹೋಗುತ್ತೆ. ಯಾವ ಕಿಟ್ ತಗೊಂಡ್ರೂ ಬಿತ್ತೋಕೆ ಮುಂಚೆ ಈ ಟಿಶ್ಯೂ ಪರೀಕ್ಷೆ ಮಾಡಿಬಿಡಿ, ತಿಂಗಳುಗಟ್ಟಲೆ ಖಾಲಿ ಮಣ್ಣಿಗೆ ನೀರು ಹಾಕ್ತಾ ಕೂರೋದು ತಪ್ಪುತ್ತೆ.

ಎರೆಗೊಬ್ಬರದ ವಿಷಯದಲ್ಲಿ ನಾನು ಕಂಪನಿಗೆ ಕ್ಷಮೆ ಕೇಳ್ಬೇಕು. ಗುಲಾಬಿ ಬೀಜ ನೋಡಿದ ಮೇಲೆ ಎಲ್ಲದರ ಮೇಲೂ ಅನುಮಾನ ಬಂದಿತ್ತು, ಗೊಬ್ಬರದ ಚೀಲದಲ್ಲಿ ಕೈಯಾಡಿಸಿದ್ರೆ ಸಾಸಿವೆಗಿಂತ ತುಸು ದೊಡ್ಡ ಹಳದಿ ಮಣಿಗಳು ಸಿಕ್ಕಿದ್ವು. ನಿಧಾನಕ್ಕೆ ಕರಗೋ ರಾಸಾಯನಿಕ ಗೊಬ್ಬರದ ಕಾಳೂ ನೋಡೋಕೆ ಇದೇ ಥರ ಇರುತ್ತೆ, ಸಿಕ್ಕಿಬಿದ್ರು ಕಳ್ಳರು ಅಂತ ಎರಡನೇ ಸಲ ದೂರು ಟೈಪ್ ಮಾಡೋಕೆ ಕೂತಿದ್ದೆ. ಸುಮ್ನೆ ಒಂದು ಹತ್ತು ಮಣಿ ಒದ್ದೆ ಕೋಕೋಪೀಟಲ್ಲಿ ಹಾಕಿಟ್ಟು ನೋಡೋಣ ಅನ್ನಿಸ್ತು. ಹತ್ತಿರದಿಂದ ನೋಡಿದ್ರೆ ಅವು ಪೂರ್ತಿ ದುಂಡಗಿಲ್ಲ, ಪುಟಾಣಿ ನಿಂಬೆಹಣ್ಣಿನ ಹಾಗೆ ತುದಿ ಚೂಪು. ಮೂರು ವಾರ ಕಳೆದು ಬಿಚ್ಚಿದ್ರೆ ದಾರದೆಳೆಯಂಥ ಬಿಳೀ ಹುಳುಗಳು ಓಡಾಡ್ತಿವೆ! ಎರೆಹುಳದ ಮೊಟ್ಟೆಗೂಡು ಅವು, ಒಂದೊಂದರಿಂದ ಎರಡು ಮೂರು ಮರಿ ಬರುತ್ತೆ. ಅಂದ್ರೆ ಗೊಬ್ಬರ ಅಸಲಿ. ಚೀಲಕ್ಕೆ ಕೈ ಹಾಕಿದ್ರೆ ಮಳೆ ಬಿದ್ದ ಮಣ್ಣಿನ ವಾಸನೆ, ಒಂಚೂರೂ ಕೆಟ್ಟ ನಾತ ಇಲ್ಲ. ಕೊಟ್ಟಿದ್ದು ಕಮ್ಮಿ ಅನ್ನೋದು ಬಿಟ್ರೆ ಕಿಟ್‌ನಲ್ಲಿ ಮೊದಲ ಸ್ಟಾರ್ ಇದಕ್ಕೆ.

ಬುಕ್‌ಲೆಟ್ ಬಗ್ಗೆ ಏನ್ ಹೇಳ್ಲಿ. 'ದಿನಾ ಬೆಳಿಗ್ಗೆ ಸಂಜೆ ನೀರು ಹಾಕಿ' ಅಂತ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿದೆ. ಕೋಕೋಪೀಟ್ ತನ್ನ ತೂಕದ ಎಂಟು ಪಟ್ಟು ನೀರು ಹೊತ್ಕೊಂಡು ಕೂರೋ ಸಾಮಾನು, ಅದಕ್ಕೆ ದಿನಕ್ಕೆರಡು ಸಲ ನೀರು ಹಾಕಿದ್ರೆ ಸಸಿ ಈಜಬೇಕಷ್ಟೆ. ಮೊದಲ ಸುತ್ತಿನ ಟೊಮೇಟೊ ಸಸಿಗಳು ಬುಡದಲ್ಲಿ ಕಟ್ಟಿದ ದಾರದಂತೆ ಸೊರಗಿ ಒಂದೇ ರಾತ್ರಿ ಅಡ್ಡಡ್ಡ ಮಲಗಿದ್ವು. ಅತಿ ತೇವದಲ್ಲಿ ಬರೋ ಸಸಿ ಕೊಳೆ ರೋಗ ಅದು. ಸರಿ ಅಂತ ಮೀಟರ್ ನಂಬಿದೆ. ಆ ಎರಡು ಕಡ್ಡಿ ಮೀಟರ್ ನಿಜಕ್ಕೂ ಅಳೆಯೋದು ಮಣ್ಣಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನ, ಉಪ್ಪು ಗೊಬ್ಬರ ಜಾಸ್ತಿ ಇದ್ರೆ ಒಣಗಿದ್ರೂ 'ತೇವ' ಅಂತ ತೋರಿಸುತ್ತೆ, ಉದುರುದುರಾಗಿದ್ರೆ ಒದ್ದೆ ಇದ್ರೂ 'ಒಣ' ಅನ್ನುತ್ತೆ. ತೋರುಬೆರಳು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ, ತಣ್ಣಗಿದ್ರೆ ಬೇಡ, ಒಣಗಿದ್ರೆ ತಳದಿಂದ ಸೋರೋವರೆಗೂ ಹಾಕಿ. ಮೀಟರ್ ಈಗ ಮಗಳ ಡಾಕ್ಟರ್ ಆಟದ ಡಬ್ಬೀಲಿದೆ.

ಆ ಬೂಸ್ಟರ್ ಸ್ಯಾಶೆ ಇದೆಯಲ್ಲ, ಅದು ಎಪ್ಸಮ್ ಸಾಲ್ಟ್, ಮೆಗ್ನೀಸಿಯಮ್ ಸಲ್ಫೇಟ್. 'ಎಲ್ಲಾ ಗಿಡಕ್ಕೂ ವಾರಕ್ಕೊಮ್ಮೆ' ಅಂತ ಬರೆದಿದ್ದಾರೆ. ಮೆಗ್ನೀಸಿಯಮ್ ಕೊರತೆ ಇದ್ರೆ ಸರಿ, ಇಲ್ಲದಿದ್ರೆ ಸುಮ್ಮನೆ ಸುರಿದ್ರೆ ಗಿಡ ಕ್ಯಾಲ್ಸಿಯಂ ಹೀರ್ಕೊಳ್ಳೋಕೆ ಅದೇ ಅಡ್ಡ ಬರುತ್ತೆ. ಎರಡನೇ ಸುತ್ತಿನ ಟೊಮೇಟೊ ಚೆನ್ನಾಗಿ ಕಾಯಿ ಕಟ್ಟಿತ್ತು, ನಾನು ಖುಷೀಲಿ ಬೂಸ್ಟರ್ ಹಾಕಿದೆ, ಒಂದು ವಾರ ಊರಲ್ಲಿರಲಿಲ್ಲ ನೀರು ತಪ್ಪಿತು, ಬಂದವಳೇ ಗಾಬರಿಗೆ ಕೊಡಗಟ್ಟಲೆ ಸುರಿದೆ. ಕಾಯಿಗಳ ತಳ ಎಲ್ಲ ಕಪ್ಪಗೆ ಚರ್ಮದ ಹಾಗೆ ಗುಳಿ ಬಿತ್ತು. ಇದು ಹುಳು ಅಲ್ಲ ರೋಗಾನೂ ಅಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದೆ ಆಗೋದು, ಮಣ್ಣಲ್ಲಿ ಕ್ಯಾಲ್ಸಿಯಂ ಇದ್ರೂ ನೀರು ಒಮ್ಮೆ ಬರಗಾಲ ಒಮ್ಮೆ ಪ್ರವಾಹ ಆದ್ರೆ ತಲುಪಲ್ಲ. ನನ್ನ ತಪ್ಪು ಅರ್ಧ, ಸ್ಯಾಶೆದು ಎಷ್ಟೋ ದೇವರಿಗೇ ಗೊತ್ತು. ಮೊಟ್ಟೆ ಚಿಪ್ಪು ಪುಡಿ ಹಾಕಿ ಅಂತ ಎಲ್ರೂ ಹೇಳಿದ್ರು, ಅದು ಕರಗಿ ಗಿಡಕ್ಕೆ ಸಿಗೋ ಹೊತ್ತಿಗೆ ಆ ಬೆಳೆ ಮುಗಿದೇ ಹೋಗಿರುತ್ತೆ. ನೀರು ಹದ ಮಾಡಿ ಮೇಲೆ ಎರಡು ಇಂಚು ತರಗೆಲೆ ಹೊದಿಸಿದ ಮೇಲೆ ಬಂದ ಕಾಯೆಲ್ಲ ಸರಿಯಾಗೇ ಬಂತು.

ಬೇವಿನೆಣ್ಣೆ ಒಳ್ಳೇ ಮಾಲು, ಗಾಣದ್ದು, ಮೂಗಿಗೆ ಬಡಿಯೋ ಕಹಿ ವಾಸನೆ. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ 5 ಎಂಎಲ್ ಎಣ್ಣೆ, ಮೊದಲೇ ಎರಡು ಮೂರು ಹನಿ ಲಿಕ್ವಿಡ್ ಸೋಪ್ ಹಾಕಿ ಕಲಕಬೇಕು, ಇಲ್ಲಾಂದ್ರೆ ಎಣ್ಣೆ ಮೇಲೆ ತೇಲಿ ಒಂದು ಗಿಡಕ್ಕೆ ಬರೀ ನೀರು ಇನ್ನೊಂದಕ್ಕೆ ಬರೀ ಎಣ್ಣೆ. ಸೋಪಿನ ವಿಷಯಾನೇ ಬುಕ್‌ಲೆಟ್ ಬರೆದಿಲ್ಲ, ಮೇಲಾಗಿ 'ಬಿಸಿಲಿನಲ್ಲಿ ಸಿಂಪಡಿಸಿ, ಬೇಗ ಒಣಗುತ್ತದೆ' ಅಂತೆ! ಮಧ್ಯಾಹ್ನ ಹೊಡೆದೆ, ಮೆಣಸಿನ ಗಿಡದ ಎಲೆ ಹುರಿದ ಹಾಗಾಯ್ತು. ಸಂಜೆ ಬಿಸಿಲು ಇಳಿದ ಮೇಲೆ ಹೊಡೀಬೇಕು, ಎಲೆ ಸುಡಲ್ಲ, ಅಜಾಡಿರಾಕ್ಟಿನ್ ಅನ್ನೋ ಅದರ ಮುಖ್ಯ ಸತ್ವಾನೂ ಬಿಸಿಲಿಗೆ ಬೇಗ ಹಾಳಾಗಲ್ಲ. ಇನ್ನೊಂದು, ಹೊಡೆದ ಮರುದಿನ ಹುಳು ಸತ್ತಿರುತ್ತೆ ಅಂತ ಕಾಯಬೇಡಿ. ಅಜಾಡಿರಾಕ್ಟಿನ್ ಹುಳುವಿಗೆ ತಿನ್ನೋ ಆಸೆ ಕಮ್ಮಿ ಮಾಡಿ, ಪೊರೆ ಬಿಟ್ಟು ಬೆಳೆಯೋದನ್ನ ಕೆಡಿಸುತ್ತೆ, ವಾರಕ್ಕೊಂದು ಸಲದಂತೆ ಮೂರು ವಾರ ಬಿಡದೆ ಹೊಡೆದಾಗ ಗಿಡದ ರಸ ಹೀರೋ ಹೇನು, ಹಿಟ್ಟು ತಿಗಣೆ ಇಳಿದವು. ಒಂದೇ ದಿನದಲ್ಲಿ ರಿಸಲ್ಟ್ ಇಲ್ಲ ಅಂತ ಒಂದು ಸ್ಟಾರ್ ಕೊಟ್ಟವರನ್ನ ನೋಡಿ ನಗು ಬಂತು.

ಹೇನಿನ ಮಾತು ಬಂತಲ್ಲ, ಒಂದು ದಿನ ಬೀನ್ಸ್ ಬಳ್ಳಿ ಮೇಲೆ ಕಪ್ಪು ಮೈ, ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆ ಥರದ ಹುಳುಗಳು. ಚಪ್ಪಲಿ ತಗೊಂಡು ಆರೇಳು ಸಾಯಿಸಿಯೂ ಆಗಿತ್ತು, ಆಮೇಲೆ ಗೊತ್ತಾಯ್ತು ಅವು ಗುಲಗಂಜಿ ಹುಳದ ಮರಿಗಳು, ಹೇನು ತಿನ್ನೋಕೆ ಬಂದಿದ್ದವು ಅಂತ. ಮನೆಗೆ ಬಂದ ಕೆಲಸದೋರನ್ನ ಓಡಿಸಿದ ಹಾಗೆ. ಬುಕ್‌ಲೆಟ್‌ನ ಹನ್ನೆರಡು ಪುಟದಲ್ಲಿ ಎರಡು ಪುಟ ಕಂಪನಿ ಜಾಹೀರಾತು, ಆ ಜಾಗದಲ್ಲಿ ಈ ಹುಳದ ಒಂದು ಫೋಟೋ ಹಾಕಿದ್ರೆ ಎಷ್ಟು ಜೀವ ಉಳೀತಿತ್ತು.

ಈಗ ಬಕೆಟ್. ಎರಡು ತಿಂಗಳಾದ ಮೇಲೆ, ಗಿಡ ಹಸಿದು ನಿಂತಾಗ, ಗೊಬ್ಬರ ಎಲ್ಲಿಂದ ತರೋದು ಅಂತ ಯೋಚಿಸ್ತಾ ಚಪ್ಪಲಿ ಹೊರಗೆ ಹಾಕಿ ಅದನ್ನ ತೊಳೆದೆ. ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಟೀ ಚರಟ ಎಲ್ಲ ಹಾಕ್ತಾ ಹೋದೆ. ಎಂಟೇ ದಿನ, ಮುಚ್ಚಳ ತೆಗೆದ್ರೆ ಕೊಳೆತ ಮೊಟ್ಟೆ ನಾತ, ತಳದಲ್ಲಿ ಗಂಜಿ ಥರ ನೀರು, ಮನೆಯವರು ಊಟ ಬಿಟ್ಟು ಎದ್ದು ಹೋಗೋ ಪರಿಸ್ಥಿತಿ. ಅಮ್ಮ ಬಂದು ನೋಡಿ "ಒಣ ಎಲೆ ಹಾಕಿದ್ಯಾ? ತಿಪ್ಪೆಗೆ ಬರೀ ಹಸೀದು ಸುರಿದ್ರೆ ನಾರದೆ ಇನ್ನೇನು" ಅಂದ್ರು. ಇಷ್ಟೇ ವಿಷಯ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣಗಿದ ಎಲೆ, ಹರಿದ ರಟ್ಟು, ಇವುಗಳಲ್ಲಿ ಇಂಗಾಲ ಜಾಸ್ತಿ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ರೆ ಸೂಕ್ಷ್ಮಜೀವಿಗಳಿಗೆ ಹದ. ತಕ್ಕಡಿ ಹಿಡ್ಕೊಂಡು ಯಾರೂ ಕೂರಲ್ಲ, ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಪುಡಿ ಮಾಡಿದ ತರಗೆಲೆ, ನನಗೆ ಅದೇ ಲೆಕ್ಕ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಳಿ ಸಾಲ್ತಿಲ್ಲ, ನೀರು ಜಾಸ್ತಿ. ಮೂಗು ಉರಿಯೋ ಅಮೋನಿಯಾ ವಾಸನೆ ಬಂದ್ರೆ ಹಸಿ ಜಾಸ್ತಿ. ಎರಡಕ್ಕೂ ಮದ್ದು ಒಣ ಎಲೆ ಹಾಕಿ ತಿರುವಿ ಹಾಕೋದು. ಕೈಯಲ್ಲಿ ಹಿಂಡಿದ್ರೆ ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು, ತೊಟ್ಟಿಕ್ಕಬಾರದು.

ಪೂರ್ತಿ ಸುಖಾನೇ ಅಂತ ಅಂದ್ಕೋಬೇಡಿ. ಮೂರನೇ ತಿಂಗಳಲ್ಲಿ ಒಂದು ರಾತ್ರಿ ಮುಚ್ಚಳ ತೆಗೆದ್ರೆ ಅಕ್ಕಿಗಿಂತ ದೊಡ್ಡ, ಚಪ್ಪಟೆ, ಕಂದು ಬಣ್ಣದ ಹುಳುಗಳು ನೂರಾರು, ಸರಸರ ಸದ್ದು ಬೇರೆ. ನಮ್ಮ ಮನೆಯವರು ಬಕೆಟ್ ಸಮೇತ ಎಸೆಯೋಕೆ ಹೊರಟಿದ್ರು. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿಗಳವು, ಕಚ್ಚಲ್ಲ ಕುಟುಕಲ್ಲ, ದೊಡ್ಡದಾದ ಮೇಲೂ ಮನೆ ನೊಣದ ಥರ ಊಟದ ಮೇಲೆ ಬಂದು ಕೂರಲ್ಲ, ಕಸಾನ ಮಾತ್ರ ರಾಕ್ಷಸರ ಥರ ತಿಂದು ಮುಗಿಸುತ್ತವೆ. ಒಣ ಎಲೆ ಜಾಸ್ತಿ ಮಾಡಿದ ಮೇಲೆ ಕಮ್ಮಿಯಾದವು. ಮುಚ್ಚಳದ ಜಾಲರಿ ದೊಡ್ಡ ಕಣ್ಣಿನದು ಅನ್ನೋದೇ ಈ ಬಕೆಟ್‌ನ ಒಂದೇ ದೋಷ, ನಾನು ಒಳಗಡೆ ಹಳೇ ಸೊಳ್ಳೆ ಪರದೆ ತುಂಡು ಕಟ್ಟಿದ್ದೀನಿ.

ಒಂದು ಬಕೆಟ್ ತುಂಬೋಕೆ ಐದಾರು ವಾರ, ಅದನ್ನ ಪಕ್ಕಕ್ಕಿಟ್ಟು ಎರಡನೇದು ತುಂಬಿಸ್ತಾ ಇದ್ರೆ ಮೊದಲನೇದು ಮಾಗೋಕೆ ಇನ್ನೆರಡು ತಿಂಗಳು. ತುಂಬಿದ್ದು ಕುಗ್ಗಿ ಮೂರನೇ ಒಂದು ಭಾಗ ಆಗುತ್ತೆ, ಅದಕ್ಕೆ ಬೇಜಾರು ಬೇಡ. ಈಗ ಬ್ಯಾಗ್‌ಗೆ ಮಣ್ಣು, ಕೋಕೋಪೀಟ್, ಈ ಕಾಂಪೋಸ್ಟ್ ಮೂರೂ ಸಮಪಾಲು, ಒಂದು ಹಿಡಿ ಬೇವಿನ ಹಿಂಡಿ (ಹಿಂಡಿ ಹಾಕಿದ ಮೇಲೆ ಮಣ್ಣಿನ ಮೇಲೆ ಬಿಳೀ ಬೂಸ್ಟು ಬಂದ್ರೆ ಹೆದರಬೇಡಿ, ತಾನಾಗೇ ಹೋಗುತ್ತೆ), ಆಮೇಲೆ ತಿಂಗಳಿಗೊಮ್ಮೆ ಎರಡು ಹಿಡಿ ಕಾಂಪೋಸ್ಟ್ ಬುಡಕ್ಕೆ. ಅದೇ ಬದನೆ ಗಿಡ, ಒಂದು ಗೇಣಿಗೆ ನಿಂತಿದ್ದು, ಸೊಂಟದೆತ್ತರ ಬಂತು. ಗಿಡಕ್ಕೆ ಏನೇನೋ ಹಾಕ್ತಾ ಓಡಾಡ್ತಿದ್ದೆ, ಮಣ್ಣಿಗೆ ಹಾಕೋಕೆ ಶುರು ಮಾಡಿದ ಮೇಲೆ ಕೆಲಸ ಅರ್ಧ ಆಯ್ತು. ಕಂಪನಿಯೋರು ಇದನ್ನ ಫ್ರೀ ಸಾಮಾನು ಅಂತ ಮೂಲೆಗೆ ತಳ್ಳಿ ಬೂಸ್ಟರ್ ಫೋಟೋ ಮುಂದೆ ಹಾಕಿದ್ದಾರಲ್ಲ, ಅವರಿಗೇ ತಾವು ಏನು ಮಾರ್ತಿದ್ದೀವಿ ಅಂತ ಗೊತ್ತಿಲ್ಲ ಅನ್ಸುತ್ತೆ.

ಯಾರು ತಗೋಬಾರದು ಅಂದ್ರೆ, ಮನೇಲಿ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳೋ ಜಾಗ ಇಲ್ಲದೋರು ಟೊಮೇಟೊ ಬದನೆ ಫೋಟೋ ನೋಡಿ ತಗೋಬೇಡಿ. ಮೂರು ನಾಲ್ಕು ಗಂಟೆ ಬಿಸಿಲಿದ್ರೆ ಸೊಪ್ಪು ಬರುತ್ತೆ, ಅದಕ್ಕೆ ಆರು ಇಂಚು ಆಳದ ಅಗಲವಾದ ಟ್ರೇ ಸಾಕು, ಈ ಬ್ಯಾಗೇ ಬೇಕಿಲ್ಲ. ಆಗಲೇ ನಾಲ್ಕು ಕುಂಡ ಇಟ್ಟವರಿಗೂ ಪೂರ್ತಿ ಕಿಟ್ ದಂಡ. ಹೊಸಬರಿಗೆ ಬೇಕಾದ್ರೆ ತಗೊಳ್ಳಿ, ಬುಕ್‌ಲೆಟ್ ಹರಿದು ಬಕೆಟ್‌ಗೆ ಹಾಕಿ. ಬಣ್ಣದ ನುಣುಪು ಕಾಗದ ಆದ್ರಿಂದ ಅದು ಸರಿಯಾಗಿ ಕೊಳೆಯೋದೂ ಇಲ್ಲ, ಅದೂ ಒಂದು ಮೈನಸ್ ಪಾಯಿಂಟ್.

ಕೊನೇದಾಗಿ ಟೊಮೇಟೊ. ಕಿಟ್‌ನ ಬೀಜದಿಂದ ಬಂದ ಗಿಡಗಳು ಸುಮಾರಾಗಿ ಬಂದ್ವು. ಈಗ ಮೂಲೇಲಿ ಕೈಯಗಲದ ಗೊಂಚಲು ಬಿಟ್ಟು ನಿಂತಿರೋದು ನಾನು ನೆಟ್ಟಿದ್ದೇ ಅಲ್ಲ, ಕಾಂಪೋಸ್ಟ್ ಜೊತೆ ಬ್ಯಾಗ್‌ಗೆ ಹೋಗಿ ತಾನಾಗಿ ಹುಟ್ಟಿದ್ದು. ಸಣ್ಣ ಬಕೆಟ್ ಕಾಂಪೋಸ್ಟ್ ದೊಡ್ಡ ರಾಶಿಯ ಥರ 55, 60 ಡಿಗ್ರಿ ಕಾಯಲ್ಲ, ಹಾಗಾಗಿ ಬೀಜ ಸಾಯಲ್ಲ, ಪುಸ್ತಕದ ಲೆಕ್ಕದಲ್ಲಿ ಇದೊಂದು ಕೊರತೆ. ಬಕೆಟ್ ಮಾತ್ರ ಬೇರೆಯಾಗಿ ಇನ್ನೆರಡು ಸಿಗುತ್ತಾ ಅಂತ ಕಂಪನಿಗೆ ಕೇಳಿದ್ದೀನಿ. "ಕಿಟ್ ಜೊತೆ ಮಾತ್ರ ಮೇಡಂ" ಅಂತ ಉತ್ತರ ಬಂದಿದೆ.